ಸಿಗಡಿ ಇಲ್ಲದೆ ಕೈಟೋಸಾನ್ ಆಗುತ್ತಾ?

ಪ್ರಶ್ನೆ: ಟೊಮೆಟೊಗೆ ರೋಗ ತಡೆಯೋಕೆ ಕೈಟೋಸಾನ್ ಸಿಂಪಡಿಸಿ ಅಂದರು. ಸಿಗಡಿ ಚಿಪ್ಪಿನದು ಅಂತ ಗೊತ್ತಾಗಿ ಮನೆಯಲ್ಲಿ ಬೇಡ ಅಂತಿದ್ದಾರೆ. ಬೂಷ್ಟಿನಿಂದಲೂ ಮಾಡುತ್ತಾರಂತೆ, ನಿಜವಾ? ನಮ್ಮ ಆಲೆಮನೆಯಲ್ಲಿ ಆಗುತ್ತಾ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ನಿಜ. ಮ್ಯೂಕರ್, ರೈಜೋಪಸ್ ಬೂಷ್ಟುಗಳ ಕೋಶದ ಗೋಡೆಯಲ್ಲೇ ಕೈಟೋಸಾನ್ ಇರುತ್ತದೆ. ಹಳೇ ಬ್ರೆಡ್ ಮೇಲೆ ಕಪ್ಪು ಚುಕ್ಕಿ ಬರುತ್ತಲ್ವಾ, ಅದೇ ಬಳಗ. ಸಿಗಡಿ ಚಿಪ್ಪಿನಲ್ಲಿರುವುದು ಕೈಟಿನ್, ಅಂದರೆ ಚಿಪ್ಪಿಗೆ ಗಟ್ಟಿತನ ಕೊಡುವ ನಾರಿನಂಥ ವಸ್ತು. ಚಿಪ್ಪಿನ ಸುಣ್ಣವನ್ನು ಆಮ್ಲದಲ್ಲಿ ಕರಗಿಸಿ, ಪ್ರೋಟೀನ್ ತೆಗೆದು, ಆಮೇಲೆ ಶೇ 40–50ರ ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದರೆ ಮಾತ್ರ ಕೈಟೋಸಾನ್ ಆಗುತ್ತದೆ, ಆ ಕೊಳಕು ನೀರು ಎಲ್ಲಿ ಬಿಡೋದು ಅನ್ನೋದೇ ದೊಡ್ಡ ತಲೆನೋವು.

ಬೂಷ್ಟನ್ನು ಸಕ್ಕರೆ, ಸಾರಜನಕ, ಗಾಳಿ ಕೊಟ್ಟು ತೊಟ್ಟಿಯಲ್ಲಿ ಕೆಲವು ದಿನ ಬೆಳೆಸುತ್ತಾರೆ. ಸೋಸಿ, ತೆಳು ಕ್ಷಾರದಲ್ಲಿ ಪ್ರೋಟೀನ್ ತೆಗೆದು, ಅಸಿಟಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಮತ್ತೆ ಕ್ಷಾರ ಹಾಕಿದರೆ ಕೈಟೋಸಾನ್ ಬಿಳಿಯಾಗಿ ತಳಕ್ಕೆ ಕೂರುತ್ತದೆ. ಸಿಟ್ರಿಕ್ ಆಮ್ಲದ ಕಾರ್ಖಾನೆಯಲ್ಲಿ ಉಳಿಯುವ ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟಿನಿಂದಲೂ ಮಾಡುತ್ತಾರೆ.

ಸಕ್ಕರೆಗೆ ನಮ್ಮ ಮಂಡ್ಯದ ಕಾಕಂಬಿ ಸಾಕು. ಆದರೆ ಆಲೆಮನೆ ಬೇಡ. ಬೇರೆ ಸೂಕ್ಷ್ಮಜೀವಿ ಸೇರಿದರೆ ಇಡೀ ತೊಟ್ಟಿ ಹಾಳು, ಸಿಗೋದೂ ಒಣ ಬೂಷ್ಟಿನ ಸಣ್ಣ ಪಾಲು ಅಷ್ಟೆ. ಸದ್ಯಕ್ಕೆ ಕೊಳ್ಳುವಾಗ ಯಾವ ಮೂಲದ್ದು ಅಂತ ಲೇಬಲ್ ನೋಡಿ, ಬರೆದಿಲ್ಲದಿದ್ದರೆ ಅಂಗಡಿಯವರನ್ನು ಬಿಡದೆ ಕೇಳಿ.