ಮಂಡಿ ನೋವಿದ್ದರೆ ಮೊದಲು ಸೈಕಲ್ ನೋಡಿ

ವಯಸ್ಸು 52, ತೂಕ 86 ಕೆಜಿ, ಮೆಟ್ಟಿಲು ಇಳಿಯುವಾಗ ಮಂಡಿ ನೋವು, ಎರಡನೇ ಮಹಡಿಯ ಮನೆ ಅಂತ ಬರೆದು, ಮನೆಯಲ್ಲೇ ವ್ಯಾಯಾಮಕ್ಕೆ ಯಾವ ಯಂತ್ರ ಕೊಳ್ಳಲಿ ಅಂತ ಕೇಳಿದ್ದೀರಿ. ಟ್ರೆಡ್‌ಮಿಲ್, ಕ್ರಾಸ್ ಟ್ರೇನರ್ (ನಿಂತುಕೊಂಡು ಕೈಕಾಲು ಎರಡನ್ನೂ ಆಡಿಸುತ್ತಾ ತುಳಿಯುವ ಯಂತ್ರ), ಮನೆಯಲ್ಲೇ ಕೂತು ತುಳಿಯುವ ವ್ಯಾಯಾಮದ ಸೈಕಲ್, ಈ ಮೂರರಲ್ಲಿ ನನ್ನ ಓಟು ಸೈಕಲ್‌ಗೆ.

ಟ್ರೆಡ್‌ಮಿಲ್ ಕೆಟ್ಟದ್ದು ಅಂತಲ್ಲ. ಆದರೆ ನಡೆಯೋಕೆ ರಸ್ತೆ ಬಿಟ್ಟಿ ಸಿಗುತ್ತದೆ, ಅಲ್ವಾ? ನಾನು ಮೊದಲು ಟ್ರೆಡ್‌ಮಿಲ್ಲನ್ನೇ ಮನೆಗೆ ತಂದಿದ್ದೆ. ಮೂರನೇ ದಿನ ಕೆಳಗಿನ ಮನೆಯವರು ಮೇಲೆ ಬಂದು, "ಬೆಳಗ್ಗೆ ಬೆಳಗ್ಗೆ ಒನಕೆಯಲ್ಲಿ ಕುಟ್ತಾ ಇದ್ದೀರಾ?" ಎಂದು ಕೇಳಿದರು. ದಪ್ಪ ರಬ್ಬರ್ ಮ್ಯಾಟ್ ಹಾಸಿದ ಮೇಲೆ ಸದ್ದು ತಗ್ಗಿತು, ಪೂರ್ತಿ ಹೋಗಲಿಲ್ಲ. ಜೊತೆಗೆ ಬೆಲ್ಟಿನ ಕೆಳಗೆ ಆಗಾಗ ಸಿಲಿಕೋನ್ ಎಣ್ಣೆ ಹಾಕಬೇಕು. ಕರೆಂಟ್ ಹೋದರೆ ನಡುವೆಯೇ ನಿಲ್ಲುತ್ತದೆ. ತೆಗೆದುಕೊಳ್ಳುವುದೇ ಆದರೆ ಡಬ್ಬದ ಮೇಲೆ ದೊಡ್ಡದಾಗಿ ಬರೆದ ಪೀಕ್ ಎಚ್‌ಪಿ (ಮೋಟಾರು ಕ್ಷಣಕಾಲ ಮಾತ್ರ ಕೊಡುವ ಗರಿಷ್ಠ ಶಕ್ತಿ) ನೋಡಬೇಡಿ, ಕಂಟಿನ್ಯೂಯಸ್, ಅಂದರೆ ಸತತವಾಗಿ ಕೊಡುವ ಶಕ್ತಿ, ಎಷ್ಟು ಅಂತ ಕೇಳಿ.

ಕ್ರಾಸ್ ಟ್ರೇನರ್‌ನಲ್ಲಿ ಪಾದ ಪೆಡಲ್ ಬಿಟ್ಟು ಏಳುವುದಿಲ್ಲ, ಹಾಗಾಗಿ ಮಂಡಿಗೆ ಪೆಟ್ಟು ಕಡಿಮೆ. ಆದರೆ ಅಗ್ಗದವು ಜರ್ಕ್ ಹೊಡೆಯುತ್ತವೆ. ಅಂಗಡಿಯಲ್ಲೇ ಶೂ ಹಾಕಿಕೊಂಡು ಹತ್ತು ನಿಮಿಷ ತುಳಿದು ನೋಡದೆ ದುಡ್ಡು ಕೊಡಬೇಡಿ.

ಮ್ಯಾಗ್ನೆಟಿಕ್ ಸೈಕಲ್‌ಗೆ (ಚಕ್ರವನ್ನು ಅಯಸ್ಕಾಂತದಿಂದ ಬಿಗಿ ಮಾಡುವಂಥದ್ದು) ಸದ್ದಿಲ್ಲ, ಸಾಮಾನ್ಯ ಮಾಡೆಲ್‌ಗೆ ಕರೆಂಟೂ ಬೇಡ. ಆದರೆ ಸೀಟಿನ ಎತ್ತರ ಸರಿ ಇರಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತನ್ನಿ. ಸೊಂಟ ವಾಲದೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿ ತುಸುವೇ ಬಾಗಿರುತ್ತದೆ. ಸೀಟು ತಗ್ಗಿದ್ದರೆ ಮಂಡಿಚಿಪ್ಪಿನ ಸುತ್ತ ನೋವು ಜಾಸ್ತಿಯಾಗುತ್ತದೆ, ಆಗ ಬೈಗುಳ ಸೈಕಲ್‌ಗೆ! ಪೆಡಲಿನ ಬಿಗಿ ಕಡಿಮೆ ಇಡಿ, ನಿಮಿಷಕ್ಕೆ 60–70 ಸುತ್ತು ಸಾಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಮಧ್ಯಮ ಶ್ರಮದ್ದು. ಅಂದರೆ ದಿನಕ್ಕೆ 30 ನಿಮಿಷದಂತೆ ಐದು ದಿನ. ನೀವು ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ ಮಾಡಿ. ತುಳಿಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು, ಅದೇ ಸರಿಯಾದ ವೇಗ. ಪರದೆಯಲ್ಲಿ ತೋರಿಸುವ ಕ್ಯಾಲೊರಿ ಬರೀ ಅಂದಾಜು, ಅದನ್ನು ನಂಬಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಬೇಡಿ. ಮಂಡಿ ಊದಿಕೊಂಡಿದ್ದರೆ ಅಥವಾ ಎದೆ ಬಿಗಿ ಬಂದಿದ್ದರೆ ಮೊದಲು ಡಾಕ್ಟರ್, ಆಮೇಲೆ ಅಂಗಡಿ.

ನಿಮ್ಮ ತೂಕಕ್ಕೆ 100 ಕೆಜಿ ಮಿತಿಯದ್ದು ಬೇಡ, 120ರದ್ದು ನೋಡಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಪೆಡಲ್ ಕ್ರ್ಯಾಂಕ್ (ಪೆಡಲ್ ಸಿಕ್ಕಿಸಿರುವ ಕಬ್ಬಿಣದ ತೋಳು) ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಕಟ ಕಟ ಅಂದರೆ ಸುಮ್ನೆ ಬಿಟ್ಟು ಬನ್ನಿ.