ಕಲಾವಿದರೇ ಸೇರಿ ನಡೆಸುವ ಸಂಸ್ಥೆಗೆ ಅನುದಾನದ ಅರ್ಜಿ ಹೇಗೆ ತಯಾರಿಸಬೇಕು?

ನೀವು ಕೇಳಿರುವುದು ಇಷ್ಟು: ಹಾಸನದಲ್ಲಿ ಕೆಲವು ಚಿತ್ರಕಲಾವಿದರು, ನಾಟಕದವರು ಸೇರಿ ಬಾಡಿಗೆ ಮನೆಯೊಂದರಲ್ಲಿ ಪ್ರದರ್ಶನ, ಮಕ್ಕಳ ಶಿಬಿರ, ನಾಟಕದ ತಾಲೀಮು ನಡೆಸುತ್ತಿದ್ದೀರಿ. ಇದುವರೆಗೆ ಎಲ್ಲ ಕೈಯಿಂದಲೇ ಹಾಕಿದ್ದೀರಿ. ಸಂಘ ನೋಂದಣಿಯಾಗಿದೆ, ಅರ್ಜಿ ಬರೆದು ಗೊತ್ತಿಲ್ಲ. ನಾನು ಚಿಕ್ಕಮಗಳೂರಿನ ಒಂದು ರಂಗತಂಡದ ಕಾರ್ಯದರ್ಶಿ. ನಮ್ಮ ತಂಡಕ್ಕೂ, ಕಡೂರು ಕಡೆಯ ಕೆಲವು ವೀರಗಾಸೆ ತಂಡಗಳಿಗೂ ಅರ್ಜಿ ಬರೆಯುತ್ತ ಬಂದಿದ್ದೇನೆ.

ಬಜೆಟ್‌ನಿಂದ ಶುರುಮಾಡಿ, ಪೀಠಿಕೆಯಿಂದ ಬೇಡ. ಹೊಯ್ಸಳರ ನಾಡು, ಶಿಲ್ಪಕಲೆಯ ತವರು ಎಂದು ಬರೆದರೆ ಒಂದು ಪುಟ ತುಂಬುತ್ತದೆ, ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು ಅರ್ಜಿ ಓದುವವರಿಗೂ ಗೊತ್ತು. ಅದರ ಬದಲು ಎಲ್ಲರೂ ಒಟ್ಟಿಗೆ ಕೂತು, ಹೋದ ವರ್ಷ ಮಾಡಿದ ಒಂದು ಶಿಬಿರವನ್ನು ತೆಗೆದುಕೊಳ್ಳಿ. ಸಭಾಂಗಣದ ಬಾಡಿಗೆ, ಲೈಟು, ಮೈಕು, ಬಣ್ಣ, ಕಾಗದ, ಊಟ, ಬಸ್ ಚಾರ್ಜು ಎಲ್ಲ ಬರೆಯಿರಿ. ಆಮೇಲೆ ದುಡ್ಡು ಕೊಡದೆ ಸಿಕ್ಕಿದ್ದನ್ನೂ ಬರೆಯಿರಿ. ಪೋಸ್ಟರ್ ಯಾರು ಮಾಡಿಕೊಟ್ಟರು? ರಂಗಪರಿಕರ ಯಾರ ಜೀಪಿನಲ್ಲಿ ಬಂತು? ದಿನವಿಡೀ ಮಕ್ಕಳನ್ನು ನೋಡಿಕೊಂಡವರು ಯಾರು? ಪ್ರತಿಯೊಂದಕ್ಕೂ ಹೊರಗಿನವರಿಂದ ಮಾಡಿಸಿದ್ದರೆ ಎಷ್ಟಾಗುತ್ತಿತ್ತೋ ಆ ದರ ಹಾಕಿ. ಬರುವ ಮೊತ್ತ ನೋಡಿದಾಗ ನಿಮ್ಮ ಸಂಸ್ಥೆ ನಿಜವಾಗಿ ಯಾರ ಹೆಗಲ ಮೇಲೆ ನಿಂತಿದೆ ಎಂಬುದು ಕಾಣುತ್ತದೆ.

ಈ ಲೆಕ್ಕಕ್ಕೆ ನೇರ ಉಪಯೋಗವೂ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯ ಉತ್ಸವ, ಕಾರ್ಯಾಗಾರ, ಹೊಸ ನಾಟಕಗಳಿಗೆ ಕೊಡುವ ಅನುದಾನ ಸಾಮಾನ್ಯವಾಗಿ ಗರಿಷ್ಠ 5 ಲಕ್ಷ, ಅದೂ ಒಟ್ಟು ವೆಚ್ಚದ ಶೇ. 75ರವರೆಗೆ ಮಾತ್ರ. ಉಳಿದದ್ದನ್ನು ನೀವೇ ಹೊಂದಿಸಬೇಕು. ಉಚಿತ ಶ್ರಮವನ್ನು ನಿಮ್ಮ ಪಾಲಿಗೆ ಸೇರಿಸಿಕೊಳ್ಳಬಹುದೇ ಎಂಬುದು ಆಯಾ ಯೋಜನೆಯ ನಿಯಮದ ಮೇಲೆ ಹೋಗುತ್ತದೆ, ಮೊದಲೇ ಓದಿಕೊಳ್ಳಿ. ಸೇರಿಸುವಂತಿಲ್ಲದಿದ್ದರೂ ಬಜೆಟ್ ಕೆಳಗೆ ಟಿಪ್ಪಣಿಯಾಗಿ ಬರೆಯಿರಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಕಲಾವಿದರ ಸಂಭಾವನೆ. ನಾನು ನೋಡಿದ ಎಷ್ಟೋ ಬಜೆಟ್‌ಗಳಲ್ಲಿ ಶಾಮಿಯಾನದವರಿಗೆ, ಮೈಕಿನವರಿಗೆ, ಹಾರದ ಅಂಗಡಿಗೆ ದುಡ್ಡಿದೆ, ಕಲಾವಿದರ ಸಾಲು ಮಾತ್ರ ಖಾಲಿ. ನಮ್ಮದೇ ಸಂಘ ತಾನೇ, ನಾವೇ ತಗೊಂಡರೆ ಚೆನ್ನಾಗಿರುತ್ತಾ ಎಂಬ ಸಂಕೋಚ ಅದು. ಆ ಸಂಕೋಚ ಸಂಸ್ಥೆಯನ್ನೇ ತಿಂದುಹಾಕುತ್ತದೆ. ಎಲ್ಲ ಕೆಲಸ ಹೊತ್ತ ಹುಡುಗನೋ ಹುಡುಗಿಯೋ ಒಂದು ದಿನ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಮನೆಗೆ ಬೀಗ ಬೀಳುತ್ತದೆ. ಒಮ್ಮೆ ಕಡಿಮೆ ಮೊತ್ತ ತೋರಿಸಿದರೆ ಮುಂದಿನ ಅರ್ಜಿಯನ್ನೂ ಅದಕ್ಕೇ ಹೋಲಿಸಿ ನೋಡುತ್ತಾರೆ.

ಪದಾಧಿಕಾರಿಗಳೇ ಕಲಾವಿದರಾಗಿದ್ದರೆ ಕೊಡಬಹುದೇ? ಬೈಲಾ, ಅಂದರೆ ಸಂಘದ ಒಳನಿಯಮ, ಮತ್ತು ಯೋಜನೆಯ ನಿಯಮ ಅಡ್ಡಬರದಿದ್ದರೆ ಕೊಡಬಹುದು. ಇಂಥ ಕೆಲಸ, ಇಷ್ಟು ದಿನ, ಇಷ್ಟು ದರ ಎಂದು ಸಭೆಯಲ್ಲಿ ಠರಾವು ಮಾಡಿ. ಹಣ ಪಡೆಯುವವರು ಆ ವಿಷಯ ತೀರ್ಮಾನವಾಗುವಾಗ ಹೊರಗಿರಲಿ. ದರ ಊರಿನಲ್ಲಿ ನಡೆಯುವ ದರದಷ್ಟೇ ಇರಲಿ, ಏಕೆಂದರೆ ತೆರಿಗೆ ವಿನಾಯಿತಿ ಇರುವ ಸಂಸ್ಥೆ ತನ್ನವರಿಗೇ ಅತಿಯಾಗಿ ಕೊಟ್ಟರೆ ಆದಾಯ ತೆರಿಗೆಯವರು ಪ್ರಶ್ನಿಸುತ್ತಾರೆ. ಹಣ ಬ್ಯಾಂಕಿನ ಮೂಲಕವೇ ಹೋಗಲಿ.

ಬಜೆಟ್ ಗಟ್ಟಿಯಾದರೆ ವಿವರಣೆ ಬರೆಯುವುದು ಸಲೀಸು. ‘ಗ್ರಾಮೀಣ ಪ್ರತಿಭೆಗಳಿಗೆ ಪ್ರೋತ್ಸಾಹ’ ಎನ್ನುವ ಬದಲು ‘ಅರಕಲಗೂಡು ತಾಲ್ಲೂಕಿನ ಮೂರು ಸರ್ಕಾರಿ ಶಾಲೆಗಳ ಮಕ್ಕಳಿಗೆ ನವೆಂಬರ್, ಡಿಸೆಂಬರ್ ಭಾನುವಾರಗಳಲ್ಲಿ ಮುಖವಾಡ ಮಾಡುವುದನ್ನು ಕಲಿಸಿ, ಜನವರಿಯಲ್ಲಿ ಅದೇ ಮುಖವಾಡ ಹಾಕಿ ನಾಟಕ’ ಎಂದು ಬರೆಯಿರಿ. ಊರಿನ ಕಾಲಮಾನವನ್ನೂ ಸೇರಿಸಿ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲ. ಕಾಫಿ ಕೊಯ್ಲು ಶುರುವಾದರೆ ಸಂಜೆ ತಾಲೀಮಿಗೆ ಜನ ಸಿಗುವುದಿಲ್ಲ. ಈ ದಿನಾಂಕವೇ ಏಕೆ ಎಂಬುದಕ್ಕೆ ಇಂಥ ಕಾರಣ ಕೊಟ್ಟರೆ ಇವರು ಊರು ಬಲ್ಲವರು ಎಂದು ದೂರದಲ್ಲಿ ಕೂತು ಓದುವವರಿಗೂ ಗೊತ್ತಾಗುತ್ತದೆ.

ಕನ್ನಡದಲ್ಲೇ ಯೋಚಿಸಿ ಬರೆಯಿರಿ. 1993ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ, ಕಲೆಗೆ ಅನುದಾನ ಕೊಡುವ ಖಾಸಗಿ ಸಂಸ್ಥೆ ಭಾರತೀಯ ಭಾಷೆಗಳಲ್ಲಿ ಬರೆದ ಪ್ರಸ್ತಾವನೆಗಳನ್ನು ತೆಗೆದುಕೊಳ್ಳುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕಂತೂ ಕನ್ನಡವೇ ಸಾಕು. ಅದರ ಅರ್ಜಿ ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ. ಪ್ರಕಟಣೆ ಬಂದಾಗ ಜಿಲ್ಲೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಒಮ್ಮೆ ಕೇಳಿ.

ದಾಖಲೆಗಳು: 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಬಾಕಿ ಇದ್ದರೆ ಇವತ್ತೇ ಸರಿಮಾಡಿ. ಕೇಂದ್ರದ ಅನುದಾನಕ್ಕೆ ಎನ್‌ಜಿಒ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳು ಹೆಸರು ದಾಖಲಿಸುವ ಕೇಂದ್ರದ ಜಾಲತಾಣ) ಸಂಖ್ಯೆ ಬೇಕು. ಕಂಪನಿಗಳು ಕಾನೂನಿನಂತೆ ಸಮಾಜದ ಕೆಲಸಕ್ಕೆ ಕೊಡಬೇಕಾದ ಸಿಎಸ್‌ಆರ್ ಹಣಕ್ಕೆ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ಜೊತೆಗೆ 2021ರಿಂದ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿಯೂ ಕಡ್ಡಾಯ. ವಿದೇಶಿ ಹಣವನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ಲದೆ ಮುಟ್ಟಬೇಡಿ. ಪ್ಲಾಂಟರ್‌ಗಳ ಹತ್ತಿರ ಸಿಎಸ್‌ಆರ್ ಕೇಳಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಆದರೆ ಆ ಕಾನೂನು ದೊಡ್ಡ ಕಂಪನಿಗಳಿಗೆ. ನಿವ್ವಳ ಲಾಭದ ಲೆಕ್ಕದಲ್ಲಿ ನೋಡಿದರೆ ವರ್ಷಕ್ಕೆ 5 ಕೋಟಿ ದಾಟಿರಬೇಕು. ಕುಟುಂಬದವರೇ ನಡೆಸುವ ತೋಟಗಳಿಗೆ ಅದು ಬರುವುದಿಲ್ಲ. ಅವರಲ್ಲಿ ದೇಣಿಗೆ ಕೇಳಿ, 80ಜಿ ರಸೀದಿ ಕೊಡಿ.

ಸಹಿ ಹಾಕುವ ಮೊದಲು ಇನ್ನೊಂದು ವಿಷಯ ತೀರ್ಮಾನಿಸಿಕೊಳ್ಳಿ. ಮಂಜೂರಾದ ಹಣ ಬಹಳ ಸಲ ಕಂತಿನಲ್ಲಿ ಬರುತ್ತದೆ, ಅಥವಾ ಕಾರ್ಯಕ್ರಮ ಮುಗಿದು ಬಿಲ್ಲು, ಫೋಟೊ, ಹಣಬಳಕೆ ಪ್ರಮಾಣಪತ್ರ ಕೊಟ್ಟಮೇಲೆ ಬರುತ್ತದೆ. ಅಲ್ಲಿಯವರೆಗೆ ಲೈಟಿನವರಿಗೆ, ಊಟದವರಿಗೆ ಕೊಡುವ ದುಡ್ಡು ಎಲ್ಲಿಂದ? ಖಜಾಂಚಿಯೊಬ್ಬರೇ ಒಡವೆ ಅಡವಿಟ್ಟು ನಡೆಸುವಂತಾಗಬಾರದು. ಯಾರು ಎಷ್ಟು ಕೈಸಾಲ ಕೊಡುತ್ತಾರೆ, ಅನುದಾನ ಬಂದಾಗ ಮೊದಲು ಯಾರಿಗೆ ವಾಪಸ್ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಬಜೆಟ್ ಕರಡು ಆದಮೇಲೆ ಇಲ್ಲೇ ಹಾಕಿ, ಸಾಲು ಸಾಲಾಗಿ ನೋಡಿ ಹೇಳುತ್ತೇನೆ.