ಕ್ವಾಯ್ ನದಿ ಟೂರ್: ಸೇತುವೆಗಿಂತ ಗೈಡ್ ಯಾರು ಅನ್ನೋದೇ ಮುಖ್ಯ

ಪ್ರಶ್ನೆ: ನಾವು ಗಂಗಾವತಿಯವರು. ಎರಡು ಕುಟುಂಬ ಸೇರಿ ಥಾಯ್ಲೆಂಡಿಗೆ ಹೋಗಬೇಕು ಅಂತಿದ್ದೇವೆ. ಪಟ್ಟಾಯ ಬೇಡ. ಒಬ್ಬ ಟ್ರಾವೆಲ್ಸ್‌ನವರು ಕಾಂಚನಬುರಿಯಲ್ಲಿ ಮೂರು ರಾತ್ರಿಯ ಪ್ಯಾಕೇಜ್ ತೋರಿಸಿದರು. ನದಿ ಮೇಲೆ ತೇಲುವ ರೂಮು, ಯುದ್ಧಕಾಲದ ರೈಲು, ಏಳು ಹಂತದ ಜಲಪಾತ ಎಲ್ಲ ಇದೆ. ಇನ್ನೊಬ್ಬರು ‘ಅದಕ್ಕೆ ಮೂರು ರಾತ್ರಿ ಯಾಕೆ? ಬ್ಯಾಂಕಾಕ್‌ನಿಂದ ಒಂದೇ ದಿನದಲ್ಲಿ ಮುಗಿಸಿಕೊಡ್ತೀವಿ’ ಅಂತಾರೆ. ಅವ್ವನಿಗೆ 68 ವರ್ಷ, ಮೊಣಕಾಲು ನೋವಿದೆ. ಮಗ ಹತ್ತನೇ ಕ್ಲಾಸು. ಯಾವುದನ್ನು ಆರಿಸಿಕೊಳ್ಳೋದು?

ಉತ್ತರ: ಮೂರು ರಾತ್ರಿಯದ್ದೇ ಆರಿಸಿ. ಬ್ಯಾಂಕಾಕ್‌ನಿಂದ ಕಾಂಚನಬುರಿಗೆ ಸುಮಾರು 130 ಕಿ.ಮೀ. ಅಲ್ಲಿಂದ ಎರಾವಣ್ ಜಲಪಾತಕ್ಕೆ ಮತ್ತೆ 65 ಕಿ.ಮೀ. ಯುದ್ಧಕೈದಿಗಳು ಬಂಡೆ ಕಡಿದು ರೈಲುದಾರಿ ಮಾಡಿದ ಹೆಲ್‌ಫೈರ್ ಪಾಸ್ ಇನ್ನೊಂದು ಕಣಿವೆಯಲ್ಲಿದೆ, ಊರಿನಿಂದ 80 ಕಿ.ಮೀ. ದೂರ. ಇಷ್ಟನ್ನೂ ಒಂದೇ ದಿನದಲ್ಲಿ ‘ಮುಗಿಸಿದರೆ’ ನಿಮಗೆ ಸಿಗೋದು ವ್ಯಾನಿನ ಸೀಟು, ಸೇತುವೆ ಮೇಲೊಂದು ಸೆಲ್ಫಿ, ಜಲಪಾತದ ಮೊದಲ ಹಂತ. ಹೆಲ್‌ಫೈರ್ ಪಾಸ್ ಅನ್ನು ಸುಮ್ನೆ ಕೈಬಿಡುತ್ತಾರೆ. ಅದನ್ನು ಬಿಟ್ಟರೆ ಈ ಟೂರಿಗೆ ಅರ್ಥವೇ ಇಲ್ಲ.

ಹಿನ್ನೆಲೆ ಸ್ವಲ್ಪ ಹೇಳ್ತೀನಿ, ಮಗನಿಗೂ ಓದಲು ಕೊಡಿ. ಎರಡನೇ ಮಹಾಯುದ್ಧದಲ್ಲಿ, 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿಯರ ಕೈಸೇರಿತು. ಬರ್ಮಾದಲ್ಲಿದ್ದ ಅವರ ಸೈನ್ಯಕ್ಕೆ ಊಟ, ಮದ್ದುಗುಂಡು ಮುಟ್ಟಬೇಕಿತ್ತು. ಹಡಗಿನಲ್ಲಿ ಕಳಿಸಿದರೆ ಮಲಕ್ಕಾ ಜಲಸಂಧಿಯ ಕಡೆ ಶತ್ರುಗಳ ಜಲಾಂತರ್ಗಾಮಿಗಳ ಕಾಟ. ಹಾಗಾಗಿ ಥಾಯ್ಲೆಂಡಿನಿಂದ ಬರ್ಮಾಕ್ಕೆ ಕಾಡು, ಗುಡ್ಡ ಕಡಿದು 415 ಕಿ.ಮೀ. ರೈಲುದಾರಿ ಹಾಕಲು ಹೊರಟರು. ಬ್ರಿಟಿಷರು ಹಿಂದೆಯೇ ಸರ್ವೆ ಮಾಡಿ, ಆಗದ ಕೆಲಸ ಎಂದು ಬಿಟ್ಟಿದ್ದ ದಾರಿ ಅದು. 1942ರಲ್ಲಿ ಶುರುವಾದ ಕೆಲಸ 1943ರ ಅಕ್ಟೋಬರ್ 17ಕ್ಕೆ ಮುಗಿಯಿತು. ದುಡಿದವರಲ್ಲಿ 60,000ಕ್ಕೂ ಹೆಚ್ಚು ಜನ ಬ್ರಿಟನ್, ಆಸ್ಟ್ರೇಲಿಯಾ, ಹಾಲೆಂಡ್, ಅಮೆರಿಕದ ಯುದ್ಧಕೈದಿಗಳು. ಅವರಲ್ಲಿ 12,000ಕ್ಕಿಂತ ಹೆಚ್ಚು ಮಂದಿ ಸತ್ತರು. ಹಸಿವು, ಹೊಡೆತ, ಮಲೇರಿಯಾ. 1943ರ ಮಳೆಗಾಲದಲ್ಲಿ ಕಾಲರಾ ಬೇರೆ.

ಈಗ ಸೇತುವೆ ವಿಷಯ. ಎಲ್ಲರೂ ಅದಕ್ಕಂತಲೇ ಹೋಗ್ತಾರೆ, ಅರ್ಧ ಗಂಟೆಯಲ್ಲಿ ನೋಡಿ ಮುಗಿಯುತ್ತೆ. ತಮಾಷೆ ಏನಂದ್ರೆ, ಅದನ್ನು ಕಟ್ಟಿದಾಗ ಕೆಳಗಿದ್ದದ್ದು ಮೇ ಕ್ಲಾಂಗ್ ನದಿ. ರೈಲುದಾರಿ ಹೋಗೋದು ಕ್ವಾಯ್ ನೋಯ್ ಎಂಬ ಇನ್ನೊಂದು ನದಿಯ ದಂಡೆಗುಂಟ. 1957ರಲ್ಲಿ ಈ ಸೇತುವೆ ಮೇಲೆ ಒಂದು ಹಾಲಿವುಡ್ ಸಿನಿಮಾ ಬಂತು. ಅದರ ಶೂಟಿಂಗ್ ಆಗಿದ್ದೂ ಶ್ರೀಲಂಕಾದಲ್ಲಿ. ಸಿನಿಮಾ ನೋಡಿದವರು ‘ಕ್ವಾಯ್ ನದಿ ಸೇತುವೆ ಎಲ್ಲಿ?’ ಎಂದು ಹುಡುಕಿಕೊಂಡು ಬರತೊಡಗಿದರು. ಕೊನೆಗೆ 1960ರ ದಶಕದಲ್ಲಿ ನದಿಯ ಆ ಭಾಗಕ್ಕೇ ಕ್ವಾಯ್ ಯಾಯ್ ಎಂದು ಹೆಸರಿಟ್ಟರು! ಸೇತುವೆ ಮೇಲೆ ನಡೆಯುವಾಗ ಕಬ್ಬಿಣದ ಕಮಾನುಗಳನ್ನು ಗಮನಿಸಿ. ಬಿಲ್ಲಿನಂತೆ ಬಾಗಿದವು ಯುದ್ಧಕಾಲದಲ್ಲಿ ಜಾವಾದಿಂದ ತಂದವು. ನಡುವೆ ಮೂಲೆ ಮೂಲೆಯಾಗಿ ಕಾಣುವ ಎರಡು, ಬಾಂಬ್ ಬಿದ್ದು ಹಾಳಾದ ಜಾಗದಲ್ಲಿ ಯುದ್ಧದ ನಂತರ ಕೂಡಿಸಿದವು. ಇದನ್ನು ತೋರಿಸದೆ ‘ಫೋಟೋ ತಗೊಳ್ಳಿ, ಹತ್ತು ನಿಮಿಷ’ ಅನ್ನುವ ಗೈಡ್ ಸಿಕ್ಕರೆ ನಿಮ್ಮ ದುಡ್ಡು ಹೊಳೆಗೆ ಹಾಕಿದ ಹಾಗೆ.

ಮೊದಲ ದಿನ ಊರಲ್ಲೇ ಇರಿ. ಯುದ್ಧ ಸ್ಮಶಾನದ ಪಕ್ಕದಲ್ಲೇ ಡೆತ್ ರೈಲ್ವೆ ಮ್ಯೂಸಿಯಂ ಇದೆ. ಮ್ಯೂಸಿಯಂ ಮೊದಲು, ಸ್ಮಶಾನ ಆಮೇಲೆ. ಸ್ಮಶಾನದಲ್ಲಿ ಸುಮಾರು 7,000 ಸಮಾಧಿಗಳಿವೆ. ಹುಲ್ಲಿನ ನಡುವೆ ಸಾಲಾಗಿ ಗಿಡ್ಡ ಕಲ್ಲುಗಳು, ಕಲ್ಲಿನ ಮೇಲೆ ಲೋಹದ ಫಲಕ. ಹೆಸರು, ಪಡೆ, ಸತ್ತ ದಿನ, ವಯಸ್ಸು. ಕೆಲವದರಲ್ಲಿ ಕೆಳಗೆ ಮನೆಯವರು ಬರೆಸಿದ ಒಂದು ಸಾಲು ಇರುತ್ತೆ. ವಯಸ್ಸುಗಳನ್ನು ಓದುತ್ತಾ ಹೋಗಿ: 22, 24, 21. ಮಗನಿಗೆ ಯಾರೂ ಪಾಠ ಮಾಡಬೇಕಿಲ್ಲ. ಅಲ್ಲಿ ರೀಲ್ಸ್ ಮಾತ್ರ ಬೇಡ.

ಎರಡನೇ ದಿನ ರೈಲು. ಕಾಂಚನಬುರಿಯಿಂದ ನಾಮ್ ಟೋಕ್‌ವರೆಗೆ ಹಳೇ ದಾರಿಯಲ್ಲಿ ಈಗಲೂ ಮಾಮೂಲಿ ಪ್ಯಾಸೆಂಜರ್ ಗಾಡಿ ಓಡುತ್ತೆ. ಎಸಿ ಇಲ್ಲ, ಕಿಟಕಿ ತೆಗೆದಿರುತ್ತೆ. ಹೋಗುವಾಗ ಎಡಗಡೆ ಕೂತುಕೊಳ್ಳಿ. ಥಾಮ್ ಕ್ರಾಸೆ ಹತ್ತಿರ ಬಂಡೆಗೆ ಆನಿಸಿ ಕಟ್ಟಿದ ಮರದ ಸೇತುವೆ ಬರುತ್ತೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ನದಿ. ಗಾಡಿ ತೆವಳಿಕೊಂಡು ಹೋಗುತ್ತೆ, ಮರ ಕಿರುಗುಟ್ಟೋದು ಕಿವಿಗೆ ಬೀಳುತ್ತೆ.

ರೈಲು ಇಳಿದ ಮೇಲೆ ಹೆಲ್‌ಫೈರ್ ಪಾಸ್. ಇಲ್ಲಿಗೆ ಅರ್ಧ ದಿನ ಕೊಡಲೇಬೇಕು. ಆಸ್ಟ್ರೇಲಿಯಾ ಸರ್ಕಾರ ನಡೆಸುವ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಕಿವಿಗೆ ಹಾಕಿಕೊಂಡು ಕೇಳುವ ಆಡಿಯೋ ಯಂತ್ರ ಕೊಡುತ್ತಾರೆ, ತಗೊಳ್ಳಿ. ಆಮೇಲೆ ಮೆಟ್ಟಿಲಿಳಿದು ಬಂಡೆ ಸೀಳಿದ ಜಾಗಕ್ಕೆ ಹೋಗಬೇಕು. ಒಬ್ಬ ಉಳಿ ಹಿಡಿಯೋದು, ಇನ್ನೊಬ್ಬ ಸುತ್ತಿಗೆಯಿಂದ ಬಡಿಯೋದು, ತೂತಿಗೆ ಮದ್ದು ತುಂಬಿ ಸಿಡಿಸೋದು, ಚೂರುಗಳನ್ನು ಬುಟ್ಟಿಯಲ್ಲಿ ಹೊರೋದು. ನಮ್ಮ ಕೊಪ್ಪಳ, ಕುಷ್ಟಗಿ ಕಡೆ ಕಲ್ಲು ಒಡೆಯುವವರನ್ನು ಕಂಡವರಿಗೆ ಈ ಕೆಲಸ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಅದನ್ನೇ ಹೊಟ್ಟೆಗಿಲ್ಲದೆ, ದಿನಕ್ಕೆ 18 ಗಂಟೆವರೆಗೆ ಮಾಡಿಸಿದರು. ರಾತ್ರಿ ಬಿದಿರಿನ ಬೆಂಕಿ, ಎಣ್ಣೆ ದೀಪದ ಬೆಳಕಿನಲ್ಲಿ ಬಡಕಲು ಮೈಗಳು ಓಡಾಡುವುದು ನರಕದ ಹಾಗೆ ಕಾಣುತ್ತಿತ್ತಂತೆ. ಹೆಸರು ಬಂದದ್ದು ಹಾಗೆ. ಗೋಡೆಯಲ್ಲಿ ಮುರಿದ ಡ್ರಿಲ್ ಕಂಬಿಯ ತುಂಡೊಂದು ಇಂದಿಗೂ ಸಿಕ್ಕಿಕೊಂಡಿದೆ. ಗೈಡ್‌ಗೆ ಹೇಳಿ, ತೋರಿಸಲಿ.

ಅವ್ವನವರನ್ನು ಕೆಳಗೆ ಇಳಿಸಬೇಡಿ. ಇಳಿಯೋದಕ್ಕಿಂತ ಹತ್ತೋದು ಕಷ್ಟ. ಮ್ಯೂಸಿಯಂನಲ್ಲಿ ಎಸಿ ಇದೆ, ಕೂರಲು ಜಾಗ ಇದೆ. ಒಬ್ಬರು ಜೊತೆಗಿರಿ.

ಆ ಸಂಜೆ ನದಿ ಮನೆಗೆ ಹೋಗಿ. ಇಷ್ಟೆಲ್ಲ ನೋಡಿದ ಮೇಲೆ ನೀರಿನ ಹತ್ತಿರ ಸುಮ್ನೆ ಕೂರುವುದು ಬೇಕೇ ಬೇಕು. ಅದಕ್ಕೇ ಯುದ್ಧದ ಜಾಗ ಮೊದಲು, ನೀರು ಆಮೇಲೆ ಇಟ್ಟುಕೊಳ್ಳಿ ಅನ್ನೋದು. ಬೆಳಿಗ್ಗೆ ಸ್ಮಶಾನ, ಮಧ್ಯಾಹ್ನ ಆನೆ ಸವಾರಿ, ಸಂಜೆ ಹೆಲ್‌ಫೈರ್ ಅಂತ ಕಲಸಿಟ್ಟ ಪ್ಯಾಕೇಜ್ ಆದರೆ ಬದಲಿಸಿಕೊಡಿ ಅಂತ ಕೇಳಿ. ಆನೆ ಸವಾರಿ ತೆಗೆದೇಬಿಡಿ, ಆ ಪ್ರಾಣಿಯ ಬೆನ್ನು ಮುರಿಯುವ ಆಟ ನಮಗೆ ಬೇಡ.

ಸಾಯ್ ಯೋಕ್ ಕಡೆ ಕ್ವಾಯ್ ನೋಯ್ ಮೇಲೆ ತೇಲುವ ರೂಮುಗಳ ಸಾಲೇ ಇದೆ. ಕೆಲವಕ್ಕೆ ದೋಣಿಯಲ್ಲೇ ಹೋಗಬೇಕು. ಕೆಲವು ಕಡೆ ಕರೆಂಟೇ ಇಲ್ಲ, ಸಂಜೆ ಸೀಮೆಎಣ್ಣೆ ಲಾಂದ್ರ ಹಚ್ಚುತ್ತಾರೆ. ಪವರ್ ಬ್ಯಾಂಕ್ ತುಂಬಿಸಿಕೊಂಡು ಹೋಗಿ. ಬಿಸಿನೀರು, ಫ್ಯಾನ್ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಲೈಫ್ ಜಾಕೆಟ್ ಹಾಕಿಕೊಂಡು ಮೇಲಿನ ತುದಿಯಲ್ಲಿ ನೀರಿಗಿಳಿದರೆ ಸೆಳವು ತಾನೇ ಕೆಳಗಿನ ತುದಿಗೆ ತೇಲಿಸಿಕೊಂಡು ಹೋಗುತ್ತೆ. ಹುಡುಗರಿಗೆ ಇದೇ ಹಬ್ಬ. ಆದರೆ ಸೆಳವು ಜೋರು. ತುಂಗಭದ್ರೆಯಲ್ಲಿ ಈಜು ಕಲಿತವರು ಅಂತ ಜಾಕೆಟ್ ಬಿಚ್ಚಿಟ್ಟು ಶೂರತನ ತೋರಿಸಬೇಡಿ. ಅವ್ವನವರಿಗೆ ದಂಡೆ ಮೇಲಿನ ರೂಮು ಇರುವ ಕಡೆ ಆರಿಸಿದರೆ ಇನ್ನೂ ಒಳ್ಳೆಯದು. ಅಲುಗಾಡುವ ಹಲಗೆ ಮೇಲೆ ರಾತ್ರಿ ಬಚ್ಚಲಿಗೆ ಹೋಗೋದು ಅವರಿಗೆ ಕಷ್ಟ.

ಮೂರನೇ ದಿನ ಎರಾವಣ್, ಅಂದರೆ ನಮ್ಮ ಐರಾವತ. ಸುಣ್ಣಕಲ್ಲಿನ ಮೇಲೆ ಹರಿದು ಬರುವ ನೀರು, ತಿಳಿ ಹಸಿರು-ನೀಲಿ ಬಣ್ಣ. ಏಳು ಹಂತ ಹತ್ತಲು ಎರಡು ಕಿ.ಮೀ. ಹತ್ತಿರ ನಡಿಗೆ. ಮೊದಲ ಎರಡು ಹಂತ ಅವ್ವನವರೂ ಮೆಲ್ಲಗೆ ನೋಡಬಹುದು. ಎರಡನೇ ಹಂತ ದಾಟಿ ತಿಂಡಿ ಒಯ್ಯುವಂತಿಲ್ಲ. ನೀರಿನ ಬಾಟಲಿಗೆ ಡಿಪಾಸಿಟ್ ಕಟ್ಟಿಸಿಕೊಂಡು, ವಾಪಸ್ ತಂದು ತೋರಿಸಿದರೆ ದುಡ್ಡು ಕೊಡುತ್ತಾರೆ. ನಮ್ಮ ಕಡೆಯೂ ಇದನ್ನು ತರಬೇಕಿತ್ತು ಅನ್ಸುತ್ತೆ. ಹೊಂಡಗಳಲ್ಲಿ ಕಾಲಿಟ್ಟರೆ ಮೀನು ಬಂದು ಕಚಗುಳಿ ಇಡುತ್ತವೆ, ಹೆದರಬೇಡಿ. ಮಧ್ಯಾಹ್ನದ ನಂತರ ಮೇಲಿನ ಹಂತಗಳನ್ನು ಮುಚ್ಚುತ್ತಾ ಬರುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ.

ಟ್ರಾವೆಲ್ಸ್‌ನವರನ್ನು ಒಂದು ಮಾತು ಕೇಳಿ: ‘ಗೈಡ್ ಯಾರು?’ ಇಲ್ಲಿಂದ ಜೊತೆಗೆ ಬರುವವರು ಟೂರ್ ಮ್ಯಾನೇಜರ್. ಅವರು ಊಟ, ರೂಮು ನೋಡಿಕೊಳ್ಳುತ್ತಾರೆ. ಥಾಯ್ಲೆಂಡಿನಲ್ಲಿ ಗೈಡ್ ಕೆಲಸ ಆ ದೇಶದವರಿಗೇ ಮೀಸಲು, ಲೈಸೆನ್ಸ್ ಇರಬೇಕು. ‘ಕಾಂಚನಬುರಿಯಲ್ಲಿ ಲೈಸೆನ್ಸ್ ಇರುವ, ಇಂಗ್ಲಿಷ್ ಬರುವ ಗೈಡ್ ಎರಡು ದಿನ ಪೂರ್ತಿ ಜೊತೆಗಿರುತ್ತಾರೆ’ ಎಂದು ಬರೆದು ಕೊಡಲಿ. ದುಡ್ಡು ಉಳಿಸಬೇಕು ಅಂದರೆ ರೂಮಿನಲ್ಲಿ ಉಳಿಸಿ, ಇದರಲ್ಲಿ ಬೇಡ.

ಪ್ರಶ್ನೆ: ಆ ರೈಲುದಾರಿಯಲ್ಲಿ ಭಾರತೀಯರೂ ಸತ್ತರು ಅಂತ ಕೇಳಿದ್ದೇನೆ. ನಿಜವೇ? ಅವರ ಗುರುತು ಏನಾದರೂ ಇದೆಯೇ? (ಸಿಂಧನೂರಿನ ಓದುಗರು)

ಉತ್ತರ: ನಿಜ. ಬಹಳ ಜನ ಸತ್ತರು. ಬಿಳಿಯ ಕೈದಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಏಷ್ಯಾದ ಕೂಲಿಗಳನ್ನು ಅಲ್ಲಿ ದುಡಿಸಿದರು. ಬರ್ಮಾದವರು, ಮಲಯದವರು, ಜಾವಾದವರು, ಮಲಯದ ರಬ್ಬರ್ ತೋಟಗಳಲ್ಲಿದ್ದ ತಮಿಳರು, ತೆಲುಗರು. ಒಟ್ಟು ಎರಡು ಲಕ್ಷದ ಆಸುಪಾಸು ಇದ್ದರು, ಸುಮಾರು 90,000 ಜನ ಸತ್ತರು ಎಂಬುದು ಅಂದಾಜು. ಅಂದಾಜು ಯಾಕೆಂದರೆ ಅವರ ಪಟ್ಟಿಯನ್ನೇ ಯಾರೂ ನೆಟ್ಟಗೆ ಇಟ್ಟಿರಲಿಲ್ಲ. ಯುದ್ಧ ಬಂದು ತೋಟದ ಕೆಲಸ ನಿಂತಿತ್ತು. ‘ಮೂರು ತಿಂಗಳ ಕೆಲಸ, ಒಳ್ಳೆ ಕೂಲಿ’ ಎಂದು ಆಸೆ ತೋರಿಸಿ ಕರೆದೊಯ್ದರು. ಆಸೆಗೆ ಬೀಳದವರನ್ನು ಹಿಡಿದುಕೊಂಡು ಹೋದರು. ಸೈನಿಕರ ಜೊತೆ ಕೊನೆಪಕ್ಷ ಅವರದೇ ಡಾಕ್ಟರುಗಳಿದ್ದರು, ಆಸ್ಟ್ರೇಲಿಯಾದ ಸರ್ಜನ್ ವಿಯರಿ ಡನ್‌ಲಪ್ ತರದವರು. ಕೂಲಿಗಳಿಗೆ ಅದೂ ಇರಲಿಲ್ಲ. ಕಾಲರಾ ಬಂದರೆ ಕ್ಯಾಂಪಿಗೆ ಕ್ಯಾಂಪೇ ಖಾಲಿ.

ಮೇಲೆ ಹೇಳಿದ ಸ್ಮಶಾನದಲ್ಲಿ ಇವರ ಸಾಲುಗಳಿಲ್ಲ. ಕಾಂಚನಬುರಿಯ ಒಂದು ಬೌದ್ಧ ದೇವಾಲಯದ ಆವರಣದಲ್ಲಿ 2023ರಲ್ಲಿ ತಮಿಳು ಕಾರ್ಮಿಕರ ನೆನಪಿಗೆ ನಡುಗಲ್ಲು, ಅಂದರೆ ನಮ್ಮ ವೀರಗಲ್ಲಿನಂಥದ್ದು, ನಿಲ್ಲಿಸಿದ್ದಾರೆ. ಸಾಮಾನ್ಯ ಪ್ಯಾಕೇಜ್‌ಗಳಲ್ಲಿ ಇದು ಇರಲ್ಲ. ಗೈಡ್‌ಗೆ ಮುಂಚೆಯೇ ಹೇಳಿ ಸೇರಿಸಿಕೊಳ್ಳಿ. ಬೂನ್‌ಪಾಂಗ್ ಎಂಬ ಸ್ಥಳೀಯ ವ್ಯಾಪಾರಿಯ ಕಥೆಯನ್ನೂ ಕೇಳಿ. ಕ್ಯಾಂಪುಗಳಿಗೆ ತರಕಾರಿ, ದಿನಸಿ ಒಯ್ಯುವ ನೆಪದಲ್ಲಿ ಕೈದಿಗಳಿಗೆ ಕದ್ದು ಔಷಧಿ ಮುಟ್ಟಿಸಿದವರು ಅವರು. ಸಿಕ್ಕಿಬಿದ್ದಿದ್ದರೆ ತಲೆ ಹೋಗುತ್ತಿತ್ತು.

ಪ್ರಶ್ನೆ: ಯಾವ ತಿಂಗಳು ಹೋಗೋದು? ಬಳ್ಳಾರಿಯಿಂದ ಹೇಗೆ? ನಾವು ಸಸ್ಯಾಹಾರಿಗಳು, ಊಟದ ಗತಿ ಏನು? (ಬಳ್ಳಾರಿಯ ಓದುಗರು)

ಉತ್ತರ: ನವೆಂಬರ್‌ನಿಂದ ಜನವರಿ. ಮಳೆ ಮುಗಿದಿರುತ್ತೆ, ಜಲಪಾತದಲ್ಲಿ ನೀರಿರುತ್ತೆ, ಬಿಸಿಲು ತಡೆಯಬಹುದು. ಮಾರ್ಚ್-ಏಪ್ರಿಲ್‌ನಲ್ಲಿ ನಮ್ಮ ಬಳ್ಳಾರಿ ಬಿಸಿಲನ್ನೇ ದುಡ್ಡು ಕೊಟ್ಟು ಅನುಭವಿಸಿದ ಹಾಗಾಗುತ್ತೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದರೆ ಅಲ್ಲಿಂದ ಬ್ಯಾಂಕಾಕ್‌ಗೆ ನೇರ ವಿಮಾನವಿದೆ, ನಾಲ್ಕು ಗಂಟೆಯ ಒಳಗೆ ಮುಟ್ಟುತ್ತೀರಿ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ವೀಸಾ ನಿಯಮ ಆಗಾಗ ಬದಲಾಗುತ್ತೆ, ಟಿಕೆಟ್ ಮಾಡಿಸುವ ಮುಂಚೆ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ಅಲ್ಲಿ ಇಳಿಯುವ ಮುಂಚಿನ ಮೂರು ದಿನದ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ.

ಊಟಕ್ಕೆ ಬರೀ ‘ವೆಜ್’ ಅಂದರೆ ಸಾಲದು. ತರಕಾರಿ ಪಲ್ಯಕ್ಕೂ ಮೀನಿನ ರಸ ಹಾಕುತ್ತಾರೆ. ‘ಜೇ’ ಅನ್ನಿ. ಅಂದರೆ ಮೀನು, ಮಾಂಸ, ಮೊಟ್ಟೆ, ಬೆಳ್ಳುಳ್ಳಿ ಏನೂ ಇಲ್ಲದ್ದು. ನದಿ ಮನೆಗಳಲ್ಲಿ ಊಟ ಪ್ಯಾಕೇಜ್‌ನಲ್ಲೇ ಸೇರಿರುತ್ತೆ, ಅವರಿಗೆ ಎರಡು ದಿನ ಮುಂಚೆ ತಿಳಿಸಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಯಾರ ಹಂಗೂ ಇಲ್ಲ.

ಪ್ರಶ್ನೆ: ಪಾಸ್‌ಪೋರ್ಟ್ ಇಲ್ಲ, ಅಷ್ಟು ದುಡ್ಡೂ ಇಲ್ಲ. ನಮ್ಮ ಕಡೆನೇ ಹೊಳೆ, ಯುದ್ಧ, ಜಲಪಾತ ಸೇರಿಸಿ ಮೂರು ದಿನದ ಟೂರ್ ಆಗಲ್ವಾ? (ರಾಯಚೂರಿನ ಓದುಗರು)

ಉತ್ತರ: ಆಗುತ್ತೆ! ನೀವಿರೋದೇ ಕೃಷ್ಣಾ-ತುಂಗಭದ್ರಾ ನಡುವಿನ ಎಡೆದೊರೆ ನಾಡಿನಲ್ಲಿ. ಇದಕ್ಕಾಗಿ ರಾಜರು ಶತಮಾನಗಟ್ಟಲೆ ಬಡಿದಾಡಿದ್ದಾರೆ. ನಿಮ್ಮೂರ ಕೋಟೆಯಿಂದಲೇ ಶುರು ಮಾಡಿ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾನನ್ನು ಸೋಲಿಸಿ ಇದನ್ನು ಹಿಡಿದ. ಮುತ್ತಿಗೆಯಲ್ಲಿ ಬಂದೂಕು ಹಿಡಿದ ಪೋರ್ಚುಗೀಸರೂ ಅವನ ಕಡೆ ಇದ್ದರು. ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ, 1294ರ ಕಾಕತೀಯರ ಕಾಲದ ಶಾಸನ ಕೊರೆದದ್ದು. ಪಕ್ಕದಲ್ಲೇ ಆ ಕಲ್ಲನ್ನು ಕೋಣಗಳು ಬಂಡಿಯಲ್ಲಿ ಎಳೆದು ತರುವ ಚಿತ್ರ ಬಿಡಿಸಿದ್ದಾರೆ. ರಾಯಚೂರಿನಲ್ಲೇ ಹುಟ್ಟಿ ಬೆಳೆದವರೂ ಎಷ್ಟೋ ಜನ ಇದನ್ನು ನೋಡಿಲ್ಲ.

ಅಲ್ಲಿಂದ ಲಿಂಗಸುಗೂರು ಕಡೆ ಹೊರಡಿ. ಕೃಷ್ಣೆ ಸುತ್ತುವರಿದ ಜಲದುರ್ಗ, ಮುದಗಲ್ ಕೋಟೆ, ಮಳೆಗಾಲವಾದರೆ ಗುಂಡಲಬಂಡೆ ಜಲಪಾತ. ಕೊಪ್ಪಳ ಜಿಲ್ಲೆಗೆ ದಾಟಿದರೆ ಕಬ್ಬರಗಿಯ ಕಪಿಲತೀರ್ಥ. ಎರಡೂ ಮಳೆ ನಂಬಿದ ಜಲಪಾತಗಳು. ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ ನೋಡಿಕೊಂಡು ಬರಬೇಕು. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಒಳ್ಳೆ ಮಳೆಯಾದ ವಾರ ಹೊರಡಿ.

ರಾತ್ರಿ ಆನೆಗೊಂದಿಯಲ್ಲಿ ಹೋಮ್‌ಸ್ಟೇ ಹಿಡಿದು ಎರಡು ದಿನ ಇರಿ. ಬೆಳಗಿನ ಜಾವ ತುಂಗಭದ್ರೆಯ ದಂಡೆಗೆ ಹೋದರೆ ನೀರುನಾಯಿ ಕಂಡರೂ ಕಾಣಬಹುದು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಮೊಸಳೆಯೂ ಇದೆ, ಈಜಲು ಇಳಿಯಬೇಡಿ. ಡ್ಯಾಮಿನಿಂದ ನೀರು ಬಿಟ್ಟಾಗ ಹರಿಗೋಲು ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಹೊರಡುವ ಹಿಂದಿನ ದಿನ ಹೋಮ್‌ಸ್ಟೇಯವರಿಗೆ ಫೋನ್ ಮಾಡಿ ಹೊಳೆ ಹೇಗಿದೆ ಅಂತ ಕೇಳಿಕೊಂಡೇ ಗಾಡಿ ತೆಗೆಯಿರಿ.